ಕೊಬ್ಬರಿಗೆ ಸ್ನಾನ ಮಾಡಿಸಿದ್ದು

ನಿವೃತ್ತ ಮೇಷ್ಟರಿಗೆ ನಾಲ್ಕು ಫೋಟೊ ತೆಗೆಯುವುದೊಂದು ದೊಡ್ಡ ಕೆಲಸವೇ? ಹಾಗೆಂದುಕೊಂಡೇ ಒಪ್ಪಿಕೊಂಡೆ.

ನನ್ನ ಹೆಂಡತಿ ಗಿರಿಜಾ ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಸುಲಿಸಿ, ಒಡೆಸಿ, ಒಂದು ಚೀಲ ಉಂಡೆ ಕೊಬ್ಬರಿ ಮಾಡಿದ್ದಳು. ಅದನ್ನು ನೇರವಾಗಿ ಮೈಸೂರಿನ ಒಬ್ಬ ಮಿಠಾಯಿಯವರಿಗೆ ಕೊಡಬೇಕೆಂಬುದು ಅವಳ ಬಹುದಿನದ ಆಸೆ. ಅವರದ್ದು ಒಂದೇ ಷರತ್ತು. ಕೊಬ್ಬರಿಯ ಫೋಟೊ ಅವರ ಆ್ಯಪ್‌ಗೆ ಹಾಕಬೇಕು; ಬೂಸ್ಟು ಹಿಡಿದಿದೆಯೋ ಇಲ್ಲವೋ ಎಂದು ಅದರೊಳಗಿನ ಕೃತಕ ಬುದ್ಧಿಮತ್ತೆ ಹೇಳುತ್ತದೆ. ದಬ್ಬೇಘಟ್ಟದ ತಂಗಿಯ ಮನೆಗೆ ಹೊರಟಿದ್ದ ಗಿರಿಜಾ ಈ ಮಹತ್ಕಾರ್ಯವನ್ನು ನನಗೆ ವಹಿಸಿದಳು.

ಬೆಳಿಗ್ಗೆ ಪೂಜೆ ಮುಗಿಸಿ ಕೂತೆ. ಹತ್ತು ಉಂಡೆ ಆರಿಸಿ, ಉರುಳಿಸಿ ಉರುಳಿಸಿ ಎಲ್ಲ ಕಡೆಯಿಂದಲೂ ಫೋಟೊ ತೆಗೆದು ಆ್ಯಪ್‌ಗೆ ಹಾಕಿದೆ. ಹತ್ತಕ್ಕೆ ಹತ್ತೂ ಬೂಸ್ಟು! ಇನ್ನೂ ಹತ್ತು ತೆಗೆದೆ. ಅವೂ ಬೂಸ್ಟು.

ದಿಕ್ಕು ತೋಚದೆ ಗಿರಿಜಾಗೆ ಫೋನ್ ಮಾಡಿ, ಎಲ್ಲದರ ಮೇಲೂ ಬೆಳ್ಳಗೆ ಮೂರು ಮೂರು ಮಚ್ಚೆ ಇದೆ ಎಂದೆ. ಅವಳು ಕೇಳಿದ್ದು ಒಂದೇ ಮಾತು.

"ಪೂಜೆ ಮಾಡಿ ಕೈ ತೊಳ್ಕಂಡ್ರಾ?"

ಕೈ ನೋಡಿಕೊಂಡೆ. ಮೂರು ಬೆರಳಿಗೂ ಗಟ್ಟಿ ವಿಭೂತಿ.

ಒಣಬಟ್ಟೆಯಲ್ಲಿ ಒರೆಸಿಬಿಡಿ ಎಂದಳು. ಅಷ್ಟೇ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಶುಚಿತ್ವದ ಪಾಠ ಹೇಳಿದವನು ನಾನು. ಅಂಗಳದಲ್ಲಿ ಬಕೆಟ್ ಇಟ್ಟುಕೊಂಡು, ಪಂಕ್ತಿಭೇದ ಬೇಡವೆಂದು, ಇಡೀ ಚೀಲದ ಕೊಬ್ಬರಿಗೆ ತಣ್ಣೀರು ಸ್ನಾನ ಮಾಡಿಸಿದೆ. ಅರ್ಧ ಗಂಟೆ ಬಿಸಿಲು ತೋರಿಸಿ ಫೋಟೊ ಹಾಕಿದೆ. 'ಅತ್ಯುತ್ತಮ' ಎಂದಿತು ಆ್ಯಪ್! ಅದೇ ಖುಷಿಯಲ್ಲಿ ಚೀಲದ ಬಾಯಿ ಹೊಲಿದು ತುರುವೇಕೆರೆಯಲ್ಲಿ ಲಾರಿಗೆ ಹಾಕಿಸಿದೆ.

ವಾರದೊಳಗೆ ಚೀಲ ವಾಪಸ್ಸು ಬಂತು. ಬಿಚ್ಚಿದರೆ ಒಳಗೆ ಹಸಿರು, ಬಿಳಿ, ಕಪ್ಪು. ಈ ಸಲ ಯಾವ ಬುದ್ಧಿಮತ್ತೆಯೂ ಬೇಕಾಗಲಿಲ್ಲ, ವಾಸನೆಯೇ ಸಾಕಾಯಿತು. ಅಷ್ಟರಲ್ಲಿ ತಂಗಿಯ ಮನೆಯಿಂದ ಬಂದಿದ್ದ ಗಿರಿಜಾ ಬೈಯುತ್ತಾಳೆಂದು ಕಾದೆ. ಅವಳು ಒಂದು ಉಂಡೆ ಕೈಯಲ್ಲಿ ಹಿಡಿದು ಚೀಲದ ಪಕ್ಕ ಕೂತುಬಿಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು.

"ವರ್ಸವೆಲ್ಲಾ ಒಣಗ್ಸಿದ್ನ ಒಂದ್ಗಳಿಗೇಲಿ ನೆನೆಸ್ಬುಟ್ರಲ್ರೀ," ಎಂದಳು.

ಆ್ಯಪ್ ಒಪ್ಪಿತ್ತಲ್ಲ ಎನ್ನಲು ಹೊರಟವನು ಅವಳ ಮುಖ ನೋಡಿ ಚೀಲದ ಬಾಯಿ ಕಟ್ಟತೊಡಗಿದೆ.

ಅವಳೇ ಫೋನ್ ಮಾಡಿ ಕೇಳಿಕೊಂಡಿದ್ದಕ್ಕೆ ಮಿಠಾಯಿಯವರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅಟ್ಟಕ್ಕೆ ಹೊಸ ಕಾಯಿ ಬಿದ್ದಿದೆ. ಕಾಯಿ, ಫೋಟೊ, ಆ್ಯಪ್ ಎಲ್ಲ ಈಗ ಅವಳ ಖಾತೆ. ನನಗೆ ಏಣಿ ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದಳು. ನಿನ್ನೆ ಅದಕ್ಕೂ ಪಕ್ಕದ ಮನೆಯಾಕೆಯನ್ನು ಕರೆದಳು.