ಗರಿಕೆಯ ಮೇಲೆ ಹೊಸ ವರ್ಷ

ಒಂದು ಕಾಲದಲ್ಲಿ ನನ್ನ ದೋಸೆಯ ಪರಿಮಳಕ್ಕೆ, ಮುಂಬೈಯ ಮಾಟುಂಗದಲ್ಲಿ ನಿಲ್ಲಬಾರದ ಫಾಸ್ಟ್ ಲೋಕಲ್ ರೈಲು ನಿಂತಿತ್ತು. ಮೋಟರ್‌ಮನ್ ಇಳಿದು ಬಂದು, ಮಸಾಲೆ ದೋಸೆ ತಿಂದು, ಕೈ ತೊಳೆದು, ಕಾಫಿ ಕುಡಿದು, ಆಮೇಲೆ ಗಾಡಿ ಬಿಟ್ಟ. ಗಾಡಿಯೊಳಗಿದ್ದವರು ಯಾರೂ ಬೈಯಲಿಲ್ಲ. ಕಿಟಕಿಯಲ್ಲಿ ಮೂಗು ಇಟ್ಟುಕೊಂಡು ಕೂತಿದ್ದರು. ಆ ಮೋಟರ್‌ಮನ್ ಈಗ ಇಲ್ಲ. ನನ್ನ ಹೋಟೆಲಿನ ಧಣಿಗಳೂ ಇಲ್ಲ. ನನ್ನ ಜೊತೆ ಕಾವಲಿಯ ಮುಂದೆ ಬೆವರಿದವರೆಲ್ಲ ಹೋದರು. ಹೋಟೆಲೇ ಹೋಗಿ ಅಲ್ಲೊಂದು ಮೊಬೈಲ್ ಅಂಗಡಿ ಬಂದಿದೆ. ಇದು ಸುಳ್ಳು ಅನ್ನುವವರು ಯಾರಾದರೂ ಉಳಿದಿದ್ದರೆ ಬರಲಿ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಹೋಟೆಲಿನ ತಿಂಡಿಯ ಬೋರ್ಡು ನೋಡಿ. ಅ-ಆಗಳಿಗೆ ಮುಂಚೆ ನನಗೆ ಇಡ್ಲಿ-ವಡೆ ಬಂತು. ಆದರೆ ಹೇಳಿಕೊಳ್ಳುವಂಥ ಸಂಗತಿಗಳು ಮಾತ್ರ ಓದಿದವರನ್ನೆಲ್ಲ ಬಿಟ್ಟು ನನ್ನ ಮನೆ ಹುಡುಕಿಕೊಂಡು ಬರುತ್ತವೆ. ಈಚೆಗೆ ಬಂದದ್ದು ಇಥಿಯೋಪಿಯಾದಿಂದ.

ಖಾಲಿ ಕೋಣೆ

ನಮ್ಮವರ ಮಕ್ಕಳು ಓದಲಿಕ್ಕೆ ಪರದೇಶಕ್ಕೆ ಹೋಗುವ ಸುದ್ದಿ ನೀವು ಬೇಕಾದಷ್ಟು ಕೇಳಿದ್ದೀರಿ. ಇಥಿಯೋಪಿಯಾದ ಈ ಹುಡುಗಿಯೂ ಓದಲಿಕ್ಕೆ ಪರದೇಶಕ್ಕೆ ಹೊರಟವಳೇ. ಅವಳ ಪರದೇಶ ಅಂದರೆ ನಮ್ಮ ಮಾಟುಂಗ.

ಪರೇಲಿನ ಕಡೆ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ವಿಷಯ, ಕಣ್ಣಿಗೆ ಕಾಣದ ಹುಳಗಳು. ಅವುಗಳನ್ನು ಲ್ಯಾಬಿನಲ್ಲಿ ಸಾಕಬೇಕು, ಬೆಳಿಗ್ಗೆ ಸಂಜೆ ಹೋಗಿ ನೋಡಬೇಕು, ತಪ್ಪಿದರೆ ಸಾಯುತ್ತವೆ. ಹಾಗಾಗಿ ಹತ್ತಿರದಲ್ಲೇ ಕೋಣೆ ಬೇಕು. ದಲ್ಲಾಳಿ ಬಾಂದ್ರಾ ತೋರಿಸಿದ, ದಾದರ್ ತೋರಿಸಿದ. ಫೋನಿನಲ್ಲಿ ಖಾಲಿ ಇದ್ದ ಕೋಣೆಗಳೆಲ್ಲ ಬಾಗಿಲು ತೆರೆದು ಅವಳ ಮುಖ ನೋಡಿದ ಕೂಡಲೇ ಭರ್ತಿಯಾಗುತ್ತಿದ್ದವು. ಕೊನೆಗೆ ನನ್ನಲ್ಲಿಗೆ ಕರೆತಂದ. ನನ್ನ ಹೆಂಡತಿ ಹೋದ ಮೇಲೆ ಒಳಗಿನ ಕೋಣೆ ಸುಮ್ಮನೆ ಬಿದ್ದಿತ್ತು. ಅದಕ್ಕಿಂತ ದೊಡ್ಡ ಕಾರಣ, ನಮ್ಮ ಬಿಲ್ಡಿಂಗಿನವರೆಲ್ಲ ನನ್ನ ಕಥೆಗಳನ್ನು ಕೇಳಿ ಮುಗಿಸಿದ್ದರು. ಹೊಸ ಕಿವಿ ಬೇಕಾಗಿತ್ತು.

ಅವಳು ಕೇಳಿಕೊಂಡದ್ದು ಒಂದೇ. ಪರೀಕ್ಷೆ ಮುಗಿಯುವ ತನಕ ನಡುವೆ ಕೋಣೆ ಬಿಡಿಸಬಾರದು. ನಾನು ಮೀಸೆ ತಿರುವಿ ಹೇಳಿದೆ, ಇಲ್ಲಿ ನನ್ನ ಮಾತಿಗೆ ಎದುರಾಡುವವರಿಲ್ಲ, ಸೊಸೈಟಿಯ ಸೆಕ್ರೆಟರಿ ನನ್ನ ಕೈಯ ದೋಸೆ ತಿಂದು ದೊಡ್ಡವನಾದವನು. ಅವಳು ಪೂರ್ತಿ ನಂಬಿದಳು. ಪರದೇಶದವರಿಗೆ ಇಷ್ಟು ಬೇಗ ನಂಬಿಕೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಬಿಲ್ಡಿಂಗಿನವರ ಬಾಯಿ ಮುಚ್ಚಿಸಲಿಕ್ಕೆ ನಾನೊಂದು ಸುದ್ದಿ ಬಿಟ್ಟೆ. ಇವಳ ಅಜ್ಜ ಅಲ್ಲಿನ ರಾಜನ ಅರಮನೆಯ ಅಡುಗೆಯವನು, ಇವಳು ಅರಮನೆಯಲ್ಲಿ ಆಡಿ ಬೆಳೆದವಳು. ಎರಡು ದಿನ ಎಲ್ಲರೂ ಮರ್ಯಾದೆಯಿಂದ ಇಣುಕಿ ನೋಡಿದರು. ಮೂರನೆಯ ದಿನ ನೀರು ಬರಲಿಲ್ಲ, ಹುಡುಗಿ ಬಾಲ್ದಿ ಹಿಡಿದು ಕೆಳಗೆ ಕ್ಯೂನಲ್ಲಿ ನಿಂತಳು. ನನ್ನ ಎದುರು ಮನೆಯಲ್ಲಿ ಧಾರವಾಡದ ಅಕ್ಕ ಒಬ್ಬರಿದ್ದಾರೆ. ಅವರು ಎಲ್ಲರ ಮುಂದೆ ಕೇಳಿದರು.

"ಅಜ್ಜಾರ, ಅರಮನ್ಯಾಗ ಬೆಳದಾಕಿ ನಳದ ಮುಂದ ನಿಂದ್ರತಾಳೇನ್ರೀ?"

ನಾನು ಹೇಳಿದೆ, ಮುಂಬೈಗೆ ಬಂದ ಮೇಲೆ ಯಾರೇ ಆದರೂ ಬಾಲ್ದಿ ಹಿಡಿಯಲೇಬೇಕು, ನನ್ನನ್ನೇ ನೋಡಿ. ಅಕ್ಕ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ನನ್ನಲ್ಲಿ ಅವರಿಗೆ ಅರಮನೆ ಕಾಣಿಸಲಿಲ್ಲ.

ಹಿಟ್ಟಿನ ವಂಶ

ಹುಡುಗಿಯ ಊರಿನಲ್ಲೂ ದೋಸೆ ಉಂಟು. ಅಗಲ, ಮೆತ್ತಗೆ, ಮೈತುಂಬ ತೂತು. ಹಿಟ್ಟನ್ನು ದಿನಗಟ್ಟಲೆ ಹುಳಿ ಬರಿಸುತ್ತಾರಂತೆ. ನನ್ನ ದೋಸೆ ತಿಂದು ಅವಳು, ಚೆನ್ನಾಗಿದೆ ಅಜ್ಜ, ಹುಳಿ ಮಾತ್ರ ಸಾಲದು ಅಂದಳು. ಹುಳಿ ಹಿಟ್ಟು ಕಾವಲಿಗೆ ಹೊಯ್ಯುವುದು ನಮ್ಮ ಕಸುಬಿನಲ್ಲಿ ಮಾನ ಹೋಗುವ ಕೆಲಸ. ಹುಳಿ ಜಾಸ್ತಿಯಾಯಿತೆಂದು ಧಣಿಗಳು ನನ್ನ ಕಣ್ಣೆದುರೇ ಹಿಟ್ಟಿನ ಕೊಳಗವನ್ನು ಮೋರಿಗೆ ಕವುಚಿದ್ದರು. ಇವಳು ಅದನ್ನು ಬೇಕು ಅನ್ನುತ್ತಾಳೆ.

ಅವಳ ಹುಳಗಳು ಇರುವುದು ಹುಳಿ ಬಂದ ಹಿಟ್ಟಿನಲ್ಲೇ. ನಾನು ಬಿಡುತ್ತೇನೆಯೇ. ನನ್ನ ಹಿಟ್ಟಿಗೆ ವಂಶ ಇದೆ ಅಂದೆ. ನಾನು ಮುಂಬೈಗೆ ಬಂದ ದಿನ ರುಬ್ಬಿದ ಹಿಟ್ಟಿನಲ್ಲಿ ಒಂದು ಸೌಟು ಉಳಿಸಿ ಮರುದಿನದ ಹಿಟ್ಟಿಗೆ ಹಾಕಿದೆ, ಅದರದ್ದೊಂದು ಸೌಟು ಅದರ ಮರುದಿನಕ್ಕೆ, ಇವತ್ತಿನ ತನಕ ತಪ್ಪಿಲ್ಲ. ನನ್ನ ಗ್ರೈಂಡರಿನ ಸದ್ದಿಗೇ ಈ ಬಿಲ್ಡಿಂಗಿಗೆ ಬೆಳಗಾಗುವುದು. ಹುಡುಗಿ ಕಣ್ಣರಳಿಸಿ ಒಂದು ಡಬ್ಬಿ ಹಿಟ್ಟು ಕಾಲೇಜಿಗೆ ತೆಗೆದುಕೊಂಡು ಹೋದಳು.

ಒಂದು ವಾರದ ಮೇಲೆ ಮನೆಯೊಳಗೆ ಬಂದು ಬಾಗಿಲು ಹಾಕಿ, ಮೆಲ್ಲಗೆ ಹೇಳಿದಳು. "ಅಜ್ಜ, ಕೆಳಗಿನ ಅಂಗಡಿಯ ಪ್ಯಾಕೆಟ್ ಹಿಟ್ಟನ್ನೂ ನೋಡಿದೆ. ಎರಡೂ ಒಂದೇ."

ಮಂಡಿನೋವು ಇದ್ದ ದಿನ ಪ್ಯಾಕೆಟ್ ತರುವುದುಂಟು, ಅದು ಬೇರೆ ಮಾತು. ನಾನು ಕೂಡಲೇ ಹೇಳಿದೆ, ನೋಡಿದೆಯಾ ಮಾರಾಯ್ತಿ, ಆ ಅಂಗಡಿಯವನು ನನ್ನ ಹಿಟ್ಟು ಕದ್ದಿದ್ದಾನೆ.

ಹೊಗೆ

ಮೊದಲ ಪರೀಕ್ಷೆ ಪಾಸಾದ ಸಂತೋಷಕ್ಕೆ ಅವಳು ಅವರ ಪದ್ಧತಿಯಲ್ಲಿ ಕಾಫಿ ಮಾಡಿದಳು. ನಾವು ಡಬ್ಬಿಯಿಂದ ಪುಡಿ ತೆಗೆದು ಫಿಲ್ಟರಿಗೆ ಹಾಕುವ ಹಾಗಲ್ಲ. ಹಸಿ ಬೀಜ ಬಾಣಲೆಯಲ್ಲಿ ಹುರಿಯಬೇಕು, ಆ ಹೊಗೆಯನ್ನು ಕೂತವರ ಮುಂದೆ ಹಿಡಿಯಬೇಕು, ಕುಟ್ಟಬೇಕು, ಕುದಿಸಬೇಕು. ಪಕ್ಕದಲ್ಲಿ ಕೆಂಡದ ಮೇಲೆ ಒಂದು ಅಂಟು ಹಾಕುತ್ತಾರೆ, ನಮ್ಮ ಸಾಂಬ್ರಾಣಿಯ ತಂಗಿಯ ಹಾಗೆ. ತಿನ್ನಲಿಕ್ಕೆ ಜೋಳದ ಅರಳು. ಒಂದು ಲೋಟ ಕುಡಿದು ಏಳುವ ಹಾಗಿಲ್ಲ, ಮೂರು ಸುತ್ತು ಆಗಬೇಕು. ಕಾಫಿ ಹುಟ್ಟಿದ್ದೇ ನಮ್ಮ ದೇಶದಲ್ಲಿ ಅಜ್ಜ, ಅಂದಳು. ಚಿಕ್ಕಮಗಳೂರಿನಲ್ಲಿ ಹುಟ್ಟಿದ್ದು, ನಿಮ್ಮಲ್ಲಿಗೆ ರಜೆಗೆ ಬಂದಿರಬಹುದು ಅಂತ ನಾನು ಒಪ್ಪಿಕೊಂಡೆ.

ಎರಡನೆಯ ಸುತ್ತಿಗೆ ವಾಚ್‌ಮನ್ ಮರಳಿನ ಬಾಲ್ದಿ ಹಿಡಿದು ಬಂದ. ಅವನ ಹಿಂದೆ ಸೆಕ್ರೆಟರಿ. ಅವನು ನಮ್ಮ ಕಡೆಯವನೇ, ಮಂಗಳೂರಿನವನು. ಬೆಂಕಿ ಇಲ್ಲ ಅಂತ ತಿಳಿದ ಮೇಲೂ ಅವನ ಮುಖ ಸಡಿಲವಾಗಲಿಲ್ಲ. ಕಂಪ್ಲೇಂಟ್ ಉಂಟು ಅಂದ. ಸಂಜೆ ದೀಪದ ಹೊತ್ತು, ಪ್ರತಿ ಬಾಗಿಲಿನಿಂದ ಸಾಂಬ್ರಾಣಿಯ ಹೊಗೆ ಎದ್ದು ಮೆಟ್ಟಿಲು ಕಾಣದ ಹಾಗಾಗಿತ್ತು, ಅವನ ಮನೆಯದೂ ಸೇರಿ. ಇದೆಲ್ಲ ಏನು ಮತ್ತೆ ಅಂತ ಕೇಳಿದೆ.

"ಅಜ್ಜ, ಅದು ಧೂಪ. ಇದು ಹೊಗೆ."

ಹೇಳಿ, ಕೆಮ್ಮುತ್ತ ಹೋದ. ಕೆಮ್ಮು ಯಾವುದರಿಂದ ಬಂತು ಅಂತ ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

ಹುಲ್ಲು ಹಾಸಿದ ಹಬ್ಬ

ಇಥಿಯೋಪಿಯಾದವರ ಹೊಸ ವರ್ಷ ಬರುವುದು ನಮ್ಮ ಚೌತಿಯ ಹೊತ್ತಿಗೆ. ಆ ಸಲ ಮನೆಮನೆಯಲ್ಲಿ ಗಣಪತಿ ಇನ್ನೂ ಕೂತಿರುವಾಗಲೇ ಬಂತು. ಅವತ್ತು ಅವರು ನೆಲಕ್ಕೆ ಹಸಿ ಹುಲ್ಲು ಹಾಸಿ, ಹಳದಿ ಹೂ ಇಟ್ಟು, ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರಂತೆ. ಹೂ ಸಿಗುತ್ತದೆ, ಹುಲ್ಲಿಗೆ ಎಲ್ಲಿ ಹೋಗಲಿ ಅಂತ ಅವಳು ಸಪ್ಪೆಯಾಗಿದ್ದಳು. ಮನೆ ಬಿಟ್ಟು ಬಂದ ಮೇಲಿನ ಮೊದಲ ಹೊಸ ವರ್ಷ. ಅವಳ ಅಮ್ಮ ವಿಡಿಯೋದಲ್ಲಿ ನೋಡಲಿಕ್ಕೆ ಕಾದಿದ್ದರು.

ಮುಂಬೈಯಲ್ಲಿ ನನಗೆ ಸಿಗದ ವಸ್ತು ಇಲ್ಲ ಅಂದೆ. ದೇವಸ್ಥಾನದ ಪಕ್ಕದ ಹೂವಿನ ಸಾಲಿಗೆ ಹೋದೆ. ಗಣಪತಿಯ ದಿನಗಳು, ಗರಿಕೆ ರಾಶಿ ಬಿದ್ದಿತ್ತು. ಹಸಿರು, ಎಳೆಯದು, ನೀರು ಚಿಮುಕಿಸಿದ್ದು. ಹೊರುವಷ್ಟು ಹೊತ್ತು ತಂದೆ. ಇದು ಎಂಥ ಹುಲ್ಲು ಅಜ್ಜ ಅಂತ ಅವಳು ಕೇಳಿದಳು. ಒಳ್ಳೆಯ ಜಾತಿಯದು ಅಂದೆ.

ಕಾಲೇಜಿನಿಂದ ಅವಳ ದೇಶದ ಇಬ್ಬರು ಗೆಳತಿಯರು ಬಂದರು. ಗರಿಕೆ ಹಾಸಿ, ಚೆಂಡುಹೂ ಚೆಲ್ಲಿ, ಬಿಳಿ ಬಟ್ಟೆ ಉಟ್ಟು ಕೂತರು. ಫೋನಿನಲ್ಲಿ ಅಮ್ಮನಿಗೆ ನೆಲ ತೋರಿಸಿದಳು. ಆ ಕಡೆ ಅಮ್ಮ ಅತ್ತರು, ಈ ಕಡೆ ಇವರು ಅತ್ತರು, ನನಗೆ ಜೋಳದ ಅರಳು ಕೊಟ್ಟರು. ಹೀಗೆ ಎಲ್ಲ ಚೆನ್ನಾಗಿ ನಡೆಯುವಾಗ ಎದುರು ಮನೆಯ ಅಕ್ಕ, ನನಗೆ ಅಂತ ಕಡುಬಿನ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ನೆಲ ನೋಡಿದರು.

"ಅಯ್ಯ ಶಿವನ. ಗಣಪ್ಪನ ತಲಿ ಮ್ಯಾಲಿಡೂದನ್ನ ಕಾಲಾಗ ಹಾಕ್ಯಾರಲ್ಲೋ. ಯಾರು ತಂದಾರ ಇದನ್ನ?"

ನನ್ನ ಬಾಯಿ ತುಂಬ ಅರಳು. ಅರಳು ತುಂಬಿದ ಬಾಯಿಯಲ್ಲಿ ಮಾತು ಹೊರಡುವುದಿಲ್ಲ, ಬೇಕಾದರೆ ನೀವೇ ಪ್ರಯತ್ನ ಮಾಡಿ ನೋಡಿ. ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಎದ್ದು ಕೈ ಜೋಡಿಸಿ, ನಾನೇ ತಂದದ್ದು, ಗೊತ್ತಿರಲಿಲ್ಲ, ತಪ್ಪಾಯಿತು ಅಂದಳು. ಕಡುಬಿನ ತಟ್ಟೆ ಬಂದ ಹಾಗೆಯೇ ವಾಪಸು ಹೋಯಿತು. ತುಪ್ಪದ ವಾಸನೆ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಮೀಟಿಂಗು

ಆ ಭಾನುವಾರವೇ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಸೊಸೈಟಿಯ ಮೀಟಿಂಗು. ವಿಷಯ ಒಂದೇ, ಹುಡುಗಿಯನ್ನು ಬಿಲ್ಡಿಂಗ್ ಬಿಡಿಸುವುದೋ ಇಟ್ಟುಕೊಳ್ಳುವುದೋ. ಅವಳ ಪರೀಕ್ಷೆಗೆ ಇನ್ನೂ ಒಂದು ಟರ್ಮ್ ಇತ್ತು.

ನಾನು ಎದ್ದು ನಿಂತೆ. ಹುಲ್ಲು ತಂದವನು ನಾನು, ಅಂದೆ. ಗಣಪತಿ ನನ್ನ ಹತ್ತಿರ ಬಂದು ಕಂಪ್ಲೇಂಟ್ ಕೊಟ್ಟಿಲ್ಲ, ನಿಮ್ಮ ಹತ್ತಿರ ಕೊಟ್ಟಿದ್ದರೆ ತೋರಿಸಿ ಅಂದೆ. ಊರು ಬಿಟ್ಟು ಊರಿಗೆ ಬಂದವರೇ ನಾವೆಲ್ಲ, ನಮಗೆ ಕೋಣೆ ಕೊಡದೆ ಇದ್ದಿದ್ದರೆ ನೀವೆಲ್ಲ ಎಲ್ಲಿ ಹುಟ್ಟುತ್ತಿದ್ದಿರಿ ಅಂದೆ. ಸೆಕ್ರೆಟರಿಯ ಚಹಾ ಗಂಟಲಲ್ಲಿ ನಿಂತಿತು. ಧಾರವಾಡದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ವಾಚ್‌ಮನ್ ಬಿಕ್ಕಿದ. ಅಂಥ ಭಾಷಣ ಮಾಟುಂಗದ ಯಾವ ಸಭೆಯಲ್ಲೂ ಆಗಿಲ್ಲ.

ಆಮೇಲೆ ಎಲ್ಲರೂ ಅಳುತ್ತ ಅಳುತ್ತಲೇ ಕೈ ಎತ್ತಿ ಅವಳ ಕೋಣೆ ಬಿಡಿಸಿದರು.

ಕೋಣೆ ಸಿಕ್ಕಿದ್ದು ಅಂಬರನಾಥದ ಆಚೆ. ಅಲ್ಲಿಂದ ಪರೇಲಿಗೆ ಲೋಕಲಿನಲ್ಲಿ ಜೋತಾಡಿಕೊಂಡು ಬರಬೇಕು. ಒಂದು ದಿನ ಹಳಿಯಲ್ಲಿ ನೀರು ನಿಂತು ಗಾಡಿ ಕಲ್ಯಾಣದಿಂದ ಮುಂದೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಲ್ಯಾಬ್ ಮುಟ್ಟುವಾಗ ಹುಳಗಳು ಸತ್ತಿದ್ದವು. ಎಲ್ಲ ಮೊದಲಿನಿಂದ ಸುರು ಮಾಡಬೇಕಾಯಿತು, ಒಂದು ವರ್ಷ ಹೋಯಿತು. ನನಗೆ ಫೋನ್ ಮಾಡಿ ಹೇಳಿದಳು. ನನ್ನ ಹಿಟ್ಟಿನ ಹುಳಗಳಾಗಿದ್ದರೆ ಸಾಯುತ್ತಿರಲಿಲ್ಲ ಅಂದೆ. ಅವು ನಿಮ್ಮವೇ ಆಗಿದ್ದವು ಅಜ್ಜ, ಅಂದಳು.

ಖಾಲಿ ಕಲ್ಲು

ಮೊನ್ನೆ ಸಂಜೆ ಕನ್ನಡ ಸಂಘದ ಮುಂದಿನ ಬೆಂಚಿನಲ್ಲಿ ಕೂತಿದ್ದೆವು. ನನ್ನ ಹಾಗೆ ರಿಟೈರಾದ ಮುದುಕರು ಐದಾರು ಜನ. ಅವರಲ್ಲೊಬ್ಬ ಬ್ಯಾಂಕಿನ ಮಾಜಿ ಗುಮಾಸ್ತ, ಯಾವುದನ್ನೂ ನಂಬದ ಮನುಷ್ಯ. ಅವತ್ತು ಅವನೂ ಬಾಯಿ ತೆರೆದು ಕೇಳುತ್ತಿದ್ದ, ಯಾಕೆಂದರೆ ನಾನು ಮೀಟಿಂಗಿನ ಕಥೆ ಹೇಳುತ್ತಿದ್ದೆ. ವಾಚ್‌ಮನ್ ಬಿಕ್ಕಿದ ಜಾಗಕ್ಕೆ ಬಂದಿದ್ದೆ. ಎಲ್ಲರ ಕಣ್ಣು ನನ್ನನ್ನು ಬಿಟ್ಟು ನನ್ನ ಹಿಂದಕ್ಕೆ ಹೋಯಿತು.

ಹುಡುಗಿ ನಿಂತಿದ್ದಳು, ಕೈಯಲ್ಲಿ ಪೇಡೆಯ ಡಬ್ಬಿ. ಪಾಸಾಗಿದ್ದಳು, ಆ ವಾರ ಊರಿಗೆ ಹೊರಟಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ಜೊತೆ ಇದ್ದು ಕನ್ನಡ ಕಲಿತವಳು, ಬೇಕಾದಷ್ಟು ಬರುತ್ತದೆ.

"ಅಜ್ಜ, ನೀವು ಮೀಟಿಂಗಿಗೆ ಬರಲಿಲ್ಲ," ಅಂದಳು. ಸಿಟ್ಟಿಲ್ಲ, ಮರೆತದ್ದನ್ನು ನೆನಪಿಸುವ ಹಾಗೆ. "ನಾನು ಕೆಳಗೆ ಒಬ್ಬಳೇ ನಿಂತಿದ್ದೆ. ವಾಚ್‌ಮನ್ ಹೋಗಿ ನಿಮ್ಮ ಬಾಗಿಲು ಬಡಿದ."

ಗುಮಾಸ್ತ ನನ್ನ ಮುಖ ನೋಡಿದ. ನಾನು ಬಿಡಲಿಲ್ಲ. ಅಕ್ಕಿ ರುಬ್ಬುತ್ತಿದ್ದೆ ಮಾರಾಯ್ತಿ, ಗ್ರೈಂಡರಿನ ಸದ್ದಿನಲ್ಲಿ ಕೇಳಿಸಿದ್ದರೆ ಬಾರದೆ ಇರುತ್ತಿದ್ದೆನೇ ಅಂದೆ.

"ಗ್ರೈಂಡರ್ ಕೆಳಗೆ ನನಗೂ ಕೇಳುತ್ತಿತ್ತು. ಮೀಟಿಂಗ್ ಮುಗಿಯುವವರೆಗೂ ತಿರುಗಿತು. ಆಮೇಲೆ ನಾನು ಮೇಲೆ ಬಂದು ಮುಚ್ಚಳ ತೆಗೆದು ನೋಡಿದೆ ಅಜ್ಜ. ಅದರಲ್ಲಿ ಅಕ್ಕಿ ಇರಲಿಲ್ಲ. ಕಲ್ಲು ಒಣಗಿಯೇ ಇತ್ತು."

ಮೊದಲು ಗುಮಾಸ್ತನ ಹೊಟ್ಟೆ ನಗುವಿಗೆ ಕುಲುಕಿತು, ಆಮೇಲೆ ಇಡೀ ಬೆಂಚು ಕುಲುಕಿತು. ಕೊನೆಗೆ ಹುಡುಗಿಯೂ ನಕ್ಕಳು, ಕಣ್ಣು ಒರೆಸಿಕೊಂಡಳು. ಡಬ್ಬಿ ತೆರೆದು ಮೊದಲ ಪೇಡೆ ನನ್ನ ಕೈಯಲ್ಲೇ ಇಟ್ಟಳು. ಹೇಳಿ ಅಜ್ಜ, ಏನು ರುಬ್ಬುತ್ತಿದ್ದಿರಿ ಅಂತ ಗುಮಾಸ್ತ ಕೇಳಿದ. ಎಲ್ಲರೂ ಕಾದರು.

ನಾನು ಹೆಗಲು ಕುಣಿಸಿ, ಪೇಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.