ಹಾಲಗಂಬ ವಂಶಮೂಲ ಮಹಾಸಮರ

ಕಾಗದಭಕ್ಷಣಚತುರರೂ ನಿರಕ್ಷರಪಂಡಿತರೂ ಆದ ಎಲೈ ಗೆದ್ದಲುಗಳಿರಾ, ನಿಮಗೆ ಮೊದಲ ನಮಸ್ಕಾರ! ಅರಸರ ಸನದು ಎನ್ನದೆ, ಪಾದ್ರಿಗಳ ರಿಜಿಸ್ಟರು ಎನ್ನದೆ, ಬರೆದವನ ಹೆಮ್ಮೆಯನ್ನೂ ಬರೆಸಿಕೊಂಡವನ ಹೆಸರನ್ನೂ ಒಂದೇ ರುಚಿಯಿಂದ ಉಂಡು ಮಣ್ಣು ಮಾಡುವವರು ನೀವು. ನಿಮ್ಮ ಹೊಟ್ಟೆಯೊಳಗೆ ಯಾರ ಯಾರ ಮುತ್ತಜ್ಜಂದಿರು ತಣ್ಣಗೆ ಮಲಗಿದ್ದಾರೆಂಬುದನ್ನು ನೀವಲ್ಲದೆ ಬೇರಾರು ಬಲ್ಲರು? ನೀವು ತಿಂದು ಉಳಿಸಿದ್ದನ್ನಾದರೂ ನೆಟ್ಟಗೆ ಹೇಳುವ ನಾಲಿಗೆಯನ್ನು ಈ ಬಡಕಥೆಗಾರನಿಗೆ ದಯಪಾಲಿಸಿರಿ.

ಮನುಷ್ಯರು ಮುತ್ತಜ್ಜನ ಹೆಸರನ್ನು ಮರೆತು ಮುತ್ತಜ್ಜನ ದೊಡ್ಡಸ್ತಿಕೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದ ಯುಗವದು. ಆ ಯುಗದಲ್ಲಿ, ಎರೆಮಣ್ಣಿನ ಕಪ್ಪು ಸಾಗರದ ನಡುವೆ ಹತ್ತಿಯ ಬೆಳ್ನೊರೆಯನ್ನು ಉಟ್ಟು ಮೆರೆಯುತ್ತಿದ್ದ ಕಪ್ಪರಗಿಯೆಂಬ ಪಟ್ಟಣದಲ್ಲಿ, ತೊಯ್ದರಸೀದಿಪಠನಪ್ರವೀಣನೂ ಅಳಿದಕ್ಷರಪುನರುಜ್ಜೀವನಧುರಂಧರನೂ ರೈಲ್ವೆ ಗುಡ್ಸ್ ಶೆಡ್ಡಿನ ನಿವೃತ್ತ ಹೆಡ್ ಕ್ಲರ್ಕನೂ ಆದ ಎಲಿಯಾಜರ ಹಾಲಗಂಬನೆಂಬ ವೀರನಿದ್ದನು. ಇವು ಅರಿಸಮಾಸಗಳೆಂದು ಪಂಡಿತರು ಮೂಗು ಮುರಿಯಬಾರದು; ಇಂಥ ವೀರನನ್ನು ಶುದ್ಧ ಸಮಾಸದಲ್ಲಿ ಹಿಡಿದಿಡಲು ಸಾಧ್ಯವಿಲ್ಲ.

ಈ ವೀರನ ಎದೆಯಲ್ಲಿ ಒಂದು ಹಡಗು ಸದಾ ತೇಲುತ್ತಿತ್ತು. ಕಂಪನಿ ಸರಕಾರದ ಕಾಲದಲ್ಲಿ ಈ ಸೀಮೆಯ ರೈತರಿಗೆ ಹೊಸ ತಳಿಯ ಹತ್ತಿ ಬೆಳೆಯುವುದನ್ನು ಕಲಿಸಲು ಅಮೆರಿಕದಿಂದ ಕೆಲವರು ಬಂದಿದ್ದರಷ್ಟೆ. ಅವರಲ್ಲೊಬ್ಬ ಎಜ್ರಾ ಹಾಲ್ಕಂಬ್. ಅವನ ಹಿರಿಯರು ಅಮೆರಿಕ ಇನ್ನೂ ಅಡವಿಯಾಗಿದ್ದಾಗಲೇ ಹಡಗಿನಲ್ಲಿ ಬಂದಿಳಿದು ಅಲ್ಲಿ ಬೇರೂರಿದವರಂತೆ. ಆ ಎಜ್ರಾನ ಮಗನೇ ತಮ್ಮ ಮನೆತನದ ಮೂಲಪುರುಷ ಯೋಹಾನನೆಂದೂ, ಹಾಲ್ಕಂಬ್ ಎಂಬ ಹೆಸರೇ ಊರವರ ಬಾಯಲ್ಲಿ ಹಾಲಗಂಬವಾಯಿತೆಂದೂ, ಮದುವೆಯ ಹಂದರದಲ್ಲಿ ನೆಡುವ ಹಾಲಗಂಬಕ್ಕೂ ತಮಗೂ ಏನೇನೂ ಸಂಬಂಧವಿಲ್ಲವೆಂದೂ ಎಲಿಯಾಜರನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದನು. ಕ್ಷೌರದ ಕನ್ನಡಿಯೆದುರು ನಿಂತಾಗಲೆಲ್ಲ ತನ್ನ ಕಣ್ಣಿನ ಪಾಪೆಯಲ್ಲಿ ತುಸು ನೀಲಿ ಹುಡುಕುತ್ತಿದ್ದನು. ಡಾಕ್ಟರು ಅದನ್ನು ಮೋತಿಬಿಂದುವಿನ ಆರಂಭವೆಂದಿದ್ದರು. ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ಇಂಥ ವೀರನಿಗೆ ಎದುರಾಳಿಯೂ ಅಂಥವಳೇ ಬೇಕಲ್ಲವೆ? ದೊಡ್ಡಪ್ಪನ ಮಗಳು ಪರ್ಸಿಸಬಾಯಿ, ವಯಸ್ಸಿನಲ್ಲಿ ಇವನಿಗಿಂತ ಐದು ವರ್ಷ ಹಿರಿಯಳು, ನಿವೃತ್ತ ಸೂಲಗಿತ್ತಿ ನರ್ಸು, ಆ ಸೀಮೆಯ ಅರ್ಧ ಜನರನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನು ತಟ್ಟಿ ಅಳಿಸಿದವಳು. ಆಕೆಗೂ ಅಮೆರಿಕವೇ ಬೇಕು. ಆದರೆ ಎಜ್ರಾ ಬೇಡ. ಎಜ್ರಾನ ತರುವಾಯ ಹತ್ತಿಯ ಯಂತ್ರ ರಿಪೇರಿಗೆಂದು ಬಂದ, ಅವನ ದಾಯಾದಿ ಸೈಲಸ್ ಹಾಲ್ಕಂಬ್‌ನೇ ಮೂಲಪುರುಷನ ತಂದೆಯೆಂದು ಆಕೆಯ ಸಿದ್ಧಾಂತ. ಸೈಲಸನು ಚರ್ಚಿನ ಸಭೆಗೆ ಹಾಡು ಕಲಿಸಿದವನಂತೆ. ಆಕೆಯ ಮಕ್ಕಳೆಲ್ಲ ಹಾಡುತ್ತಾರೆ. ಎಲಿಯಾಜರನ ಮನೆಯಲ್ಲಿ ಒಬ್ಬರಿಗೂ ಸ್ವರ ಹತ್ತುವುದಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ?

ಹೀಗೆ ಬೂದಿ ಮುಚ್ಚಿದ ಕೆಂಡದಂತಿದ್ದ ವೈರವು ಭುಗಿಲೆದ್ದದ್ದು ಕಪ್ಪರಗಿಯ ಕ್ರೈಸ್ತ ದೇವಾಲಯಕ್ಕೆ ನೂರ ಎಪ್ಪತ್ತೈದು ವರ್ಷ ತುಂಬಿದಾಗ. ಸ್ಮರಣ ಸಂಚಿಕೆ ಹೊರಡುವುದೆಂದೂ, ಹಳೆಯ ಮನೆತನಗಳಿಗೆ ತಲಾ ಅರ್ಧ ಪುಟ ಮೀಸಲೆಂದೂ, ಒಂದು ಮನೆತನಕ್ಕೆ ಒಂದೇ ಬರಹವೆಂದೂ, ಅದು ಮುಂದಿನ ತಿಂಗಳ ಮೊದಲ ಶನಿವಾರದೊಳಗೆ ಬರಬೇಕೆಂದೂ ಸಭಾಪಾಲಕ ಸಮರ್ಥ ಅಯ್ಯನವರು ಆರಾಧನೆಯ ಕೊನೆಯಲ್ಲಿ ಸಾರಿದರು. ಅರ್ಧ ಪುಟ! ಭೂಮಂಡಲವೇ ಸಾಲದೆ ಬಡಿದಾಡಿದ ಚಕ್ರವರ್ತಿಗಳುಂಟು. ಆ ಅರ್ಧ ಪುಟದಲ್ಲಿ ಇಬ್ಬರು ಅಮೆರಿಕನ್ನರು ನಿಲ್ಲುವುದು ಹೇಗೆ?

ಮೊದಲ ಕಾಳಗವು ದೇವಾಲಯದ ಹಿಂದಿನ ಕೋಣೆಯಲ್ಲಿ ನಡೆಯಿತು. ಮೇಜಿನ ಮೇಲೆ ದೀಕ್ಷಾಸ್ನಾನದ ಹಳೆಯ ರಿಜಿಸ್ಟರು ಬಿಚ್ಚಿ ಬಿದ್ದಿತ್ತು. “1858. ಹಾಲಕಂಬ ಸಾಹೇಬರ” ಎಂದು ಶುರುವಾದ ಸಾಲಿನ ನಡುವೆ ಗೆದ್ದಲು ಒಂದು ಕಿಟಕಿಯನ್ನೇ ಕೊರೆದಿತ್ತು, ಕಿಟಕಿಯ ಆಚೆ ದಡದಲ್ಲಿ “ಮಗ ಯೋಹಾನ, ವಯಸ್ಸು 12” ಎಂದಿತ್ತು. ಎಲಿಯಾಜರನು ಭೂತಗಾಜನ್ನು ಗದೆಯಂತೆ ಎತ್ತಿ ಹಿಡಿದು, ಆರಾಧನೆಯಲ್ಲಿ ಪ್ರಸಂಗ ಮಾಡುವಾಗಿನ ಗ್ರಂಥಭಾಷೆಯಲ್ಲೇ ಗರ್ಜಿಸಿದನು.

“ಹಾಗಾದರೆ ಹುಟ್ಟಿದ್ದು ಸಾವಿರದ ಎಂಟುನೂರ ನಲವತ್ತಾರು! ಎಜ್ರಾ ಸಾಹೇಬರು ಇಲ್ಲಿದ್ದದ್ದು ನಲವತ್ತೊಂದರಿಂದ ನಲವತ್ತೊಂಬತ್ತರವರೆಗೆ! ನಡುವೆ ಹೋಗಿರುವ ಪದ ‘ಜ್ಯೇಷ್ಠ’ ಎಂಬುದು ನಿಸ್ಸಂದೇಹ! ಹಾಲಕಂಬ ಸಾಹೇಬರ ಜ್ಯೇಷ್ಠ ಮಗ!” ಎಂದು ಹೇಳುತ್ತಿರಲು, ಆವೇಶ ಹೆಚ್ಚಾಗಿ ಗ್ರಂಥಭಾಷೆ ಜಾರಿ ಓಣಿಯ ಭಾಷೆ ಹೊರಬಿತ್ತು. “ಅಕ್ಕಾ, ಮೂವತ್ತೆಂಟ ವರ್ಷ ಗುಡ್ಸ್ ಶೆಡ್ಡಿನ್ಯಾಗ ಕುಂತ ಕಣ್ಣಿವು. ಮಳಿಯಾಗ ತೊಯ್ದ ಚೀಟಿ, ಎಣ್ಣಿ ಬಿದ್ದ ಚೀಟಿ, ಇಲಿ ಕಡದ ಚೀಟಿ, ಎಲ್ಲಾ ಓದಿ ಮೆಣಸಿನಕಾಯಿ ಚೀಲ ಹೋಗಬೇಕಾದಲ್ಲೇ ಕಳಿಸೇನಿ. ನನ್ನ ಮುಂದ ಈ ಹುಳದ್ದೇನ ನಡೀತೈತಿ?”

ಪರ್ಸಿಸಬಾಯಿಯು ಕನ್ನಡಕವನ್ನು ಸೆರಗಿನಿಂದ ಒರೆಸಿ, ಆ ಕಿಟಕಿಯ ಮೇಲೆ ಬೆರಳಿಟ್ಟು ಅಳೆದಳು. “ಇದು ಆರು ಅಕ್ಷರದ ಜಾಗಾ ಐತಿ. ಜ್ಯೇಷ್ಠ ಅಂದ್ರ ಎರಡು. ಉಳದ ನಾಕರಾಗ ನಿಮ್ಮ ಎಜ್ರಾ ಸಾಹೇಬ ಮಲಗಿದ್ದನೇನು?”

“ಜ್ಯೇಷ್ಠ ಅನ್ನೂದು ದೊಡ್ಡ ಅಕ್ಷರಲೆ ಬರೀತಿದ್ರು ಆಗ.”

“ಎಲ್ಯಾ, ನೀ ಚೀಟಿ ಓದಿರಬೇಕು, ನಾ ಕೂಸು ಎತ್ತೇನಿ. ಮಾರಿ ನೋಡಿ ಯಾರ ಮನಿ ಕೂಸು ಅಂತ ಹೇಳ್ತೀನಿ. ನಿನ್ನ ಮಾರಿ ಎಷ್ಟ ನೋಡಿದ್ರೂ ಅದರಾಗ ಯಾವ ಎಜ್ರಾನೂ ಕಾಣವಲ್ಲ,” ಎಂದು, ಮನೆಯಿಂದ ತಂದಿದ್ದ ಹಿರಿಯರ ಸತ್ಯವೇದವನ್ನು ವಜ್ರಾಯುಧದಂತೆ ಮೇಜಿಗೆ ಕುಕ್ಕಿದಳು. ಅದರ ಮೊದಲ ಹಾಳೆಯಲ್ಲಿ ಯಾರೋ ಹಿರಿಯರು ಬರೆದಿದ್ದರು: “ಯೋಹಾನನು ಹುಟ್ಟಿದ್ದು 1851.” ಸೈಲಸನು ಕಪ್ಪರಗಿಯಲ್ಲಿದ್ದದ್ದು ನಲವತ್ತೊಂಬತ್ತರಿಂದ ಐವತ್ಮೂರರವರೆಗೆ. ಎಲಿಯಾಜರನ ಮುಖವು ಗ್ರಹಣ ಹಿಡಿದ ಸೂರ್ಯನಂತಾಯಿತು.

ಆದರೆ ವೀರರು ಒಂದು ಪೆಟ್ಟಿಗೆ ಬೀಳುವರೆ? “ಕಲ್ಲು ಸುಳ್ಳ ಹೇಳೂದಿಲ್ಲ. ನಡಿ ಸಮಾಧಿಗೆ!” ಎಂದು ಎಲಿಯಾಜರನು ಜೋಳದ ಹಿಟ್ಟಿನ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟನು. ಹಿಂದೆ ಪರ್ಸಿಸಬಾಯಿ, ಕೊಡೆಯೆಂಬ ಶ್ವೇತಚ್ಛತ್ರದ ಕೆಳಗೆ (ಕೊಡೆ ಕಪ್ಪು, ಎರಡು ಕಡ್ಡಿ ಮುರಿದದ್ದು). ಯೋಹಾನನ ಸಮಾಧಿಗಲ್ಲಿನ ಮೇಲೆ ಅಳಿದ ಅಂಕಿಗಳ ಕುಣಿಗಳಲ್ಲಿ ಹಿಟ್ಟು ತುಂಬಿ ಉಜ್ಜಲಾಗಿ, ಸಾವಿರಾರು ಇರುವೆಗಳ ಜಯಘೋಷದ ನಡುವೆ ಬಿಳುಪಾಗಿ ಮೂಡಿಬಂದದ್ದು 1838. ಆಗ ಎಜ್ರಾನೂ ಬಂದಿರಲಿಲ್ಲ, ಸೈಲಸನೂ ಬಂದಿರಲಿಲ್ಲ.

“ಮೂರರ ಕೆಳಗ ಏನೋ ಐತಿ,” ಎಂದನು ಎಲಿಯಾಜರನು, ಮೊಣಕಾಲೂರಿ. “ಇದು ನಾಕು. ನಾಕರ ಬಾಲ ಸವದೈತಿ.”

“ನಾಕರ ಬಾಲ ಸವದಿಲ್ಲ, ನಿನ್ನ ತೆಲಿ ಸವದೈತಿ. ರಿಜಿಸ್ಟರದಾಗ ನಲವತ್ತಾರು, ಸತ್ಯವೇದದಾಗ ಐವತ್ತೊಂದು, ಕಲ್ಲಿನ ಮ್ಯಾಲ ಮೂವತ್ತೆಂಟು. ಒಬ್ಬ ಮನಿಷಾನ ಮೂರ ಸಲ ಹಡಿಯಾಕ ಯಾವ ತಾಯಿಗೂ ಆಗೂದಿಲ್ಲೋ ತಮ್ಮಾ. ಹದಿಮೂರ ವರ್ಷ ಹಿಂದ ಮುಂದ ಆದ ಹೆರಿಗಿ ನಾ ಅಂತೂ ನೋಡಿಲ್ಲ.”

ಕಲ್ಲು ಕೈಕೊಟ್ಟ ಮೇಲೆ ಉಳಿದದ್ದು ಸಪ್ತಸಾಗರಗಳಾಚೆಯ ಸಹಾಯ. ಎಲಿಯಾಜರನು ಸೈಬರ್ ಸೆಂಟರಿನಲ್ಲಿ ಕುಳಿತು, ಅಮೆರಿಕದ ವಂಶಾವಳಿ ಹುಡುಕುವವರ ಸಂಘವೊಂದಕ್ಕೆ ಪತ್ರ ಕಳಿಸಿದನು. ಎಂಟೇ ದಿನಕ್ಕೆ ಪ್ರುಡೆನ್ಸ್ ಹಾಲ್ಕಂಬ್ ಎಂಬ ಎಂಬತ್ನಾಲ್ಕರ ಮುದುಕಿಯ ಉತ್ತರ ಬಂದಿತು. ನಲವತ್ತು ವರ್ಷಗಳಿಂದ ಆಕೆಯೂ ಎಜ್ರಾನನ್ನೇ ಹುಡುಕುತ್ತಿದ್ದಳಂತೆ. ಅವರ ಊರಿನಲ್ಲಿ ಒಂದೇ ಕಾಲಕ್ಕೆ ಮೂವರು ಎಜ್ರಾ ಹಾಲ್ಕಂಬರಿದ್ದರು. ಊರಿನ ದಫ್ತರದ ಪ್ರಕಾರ ಒಬ್ಬನು ತನ್ನ ಮದುವೆಗೆ ಎರಡು ವರ್ಷ ಮೊದಲೇ ಸತ್ತಿದ್ದನು. ಚರ್ಚಿನ ಪುಸ್ತಕ ಸುಟ್ಟುಹೋಗಿತ್ತು. ಉಯಿಲೊಂದರಲ್ಲಿ ‘ನನ್ನ ಮಗ ಎಜ್ರಾ’ ಎಂದಿದ್ದರೆ, ಅದರ ನಕಲಿನಲ್ಲಿ ‘ನನ್ನ ಅಳಿಯ ಎಜ್ರಾ’ ಎಂದಿತ್ತು. ಯಾವ ಎಜ್ರಾ ಹಡಗು ಹತ್ತಿದವನೆಂಬ ವಿಷಯದಲ್ಲಿ ಆಕೆಗೂ ಆಕೆಯ ಚಿಕ್ಕಪ್ಪನ ಮಗನಿಗೂ ಹನ್ನೊಂದು ವರ್ಷಗಳಿಂದ ಮಾತಿರಲಿಲ್ಲ. ಓದುತ್ತ ಎಲಿಯಾಜರನಿಗೆ ಆ ಕಾಣದ ಮುದುಕಿಯ ಮೇಲೆ ರಕ್ತಸಂಬಂಧದ ಅಕ್ಕರೆಯೇ ಉಕ್ಕಿತು. ಇಂಥ ಹಟ ಬೇರೆ ವಂಶದಲ್ಲಿ ಹುಟ್ಟಲು ಸಾಧ್ಯವೆ?

ಬರಹ ಕೊಡಬೇಕಾದ ಶನಿವಾರದ ಬೆಳಗ್ಗೆ ಮುದುಕಿಯ ಎರಡನೆಯ ಪತ್ರ ಬಂದಿತು. ಹಳೆಯ ಪೆಟ್ಟಿಗೆಯೊಂದರಲ್ಲಿ ಎಜ್ರಾನ ಕಪ್ಪರಗಿಯ ದಿನಚರಿಯೇ ಸಿಕ್ಕಿತೆಂದೂ, ಬೇಕಾದ ಪುಟಗಳ ಚಿತ್ರ ಲಗತ್ತಿಸಿರುವುದಾಗಿಯೂ ಬರೆದಿದ್ದಳು. ವಿಜಯಲಕ್ಷ್ಮಿಯನ್ನು ಒಬ್ಬನೇ ಕಂಡರೇನು ಸೊಗಸು? ಎಲಿಯಾಜರನು ಪುಟಗಳನ್ನು ಓದದೆಯೇ ಅಚ್ಚು ತೆಗೆಸಿ, ಲಕೋಟೆಯಲ್ಲಿ ಹಾಕಿ, ಪರ್ಸಿಸಬಾಯಿಯನ್ನು ದೇವಾಲಯದ ಹಿಂದಿನ ಕೋಣೆಗೆ ಕರೆಸಿದನು. ಆಕೆಯೂ ಬರಿಗೈಯಲ್ಲಿ ಬರಲಿಲ್ಲ. ಸೈಲಸನ ಕುರಿತು ಅರ್ಧ ಪುಟವನ್ನು ಮುದ್ದಾಗಿ ಬರೆದು ತಂದಿದ್ದಳು.

“ಕೇಳು,” ಎಂದು ಎಲಿಯಾಜರನು ಭೂತಗಾಜು ಹಿಡಿದು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದನು. ಮಸಿ ಮಾಸಿತ್ತು, ಅಕ್ಷರ ಬಳ್ಳಿಯಂತೆ ಹೆಣೆದುಕೊಂಡಿತ್ತು. ಆದರೆ ಆ ಮಹಾನುಭಾವನ ಕಣ್ಣಿಗೆ ಒಂದು ಚುಕ್ಕೆಯೂ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

“‘1843. ಸೋಮವಾರ. ಮಳೆಯಿಲ್ಲ. ಹತ್ತಿಕಾಯಿಗೆ ಹುಳು ಬಿದ್ದಿದೆ. ನನ್ನ ಅಡಿಗೆಯ ಯಲ್ಲಪ್ಪನ ಹೆಂಡತಿ ಮುಂಜಾನೆ ಗಂಡು ಹೆತ್ತಳು. ಯಲ್ಲಪ್ಪ ಎರಡು ದಿನ ರಜೆ ಕೇಳಿದ. ಒಂದು ದಿನ ಕೊಟ್ಟೆ. ಈ ಊರವರು ನನ್ನ ಮನೆಯ ಆಳುಗಳನ್ನೆಲ್ಲ ನನ್ನ ಹೆಸರು ಹಚ್ಚಿಯೇ ಕರೆಯುತ್ತಾರೆ.’” ಎಲಿಯಾಜರನ ಧ್ವನಿ ಸಣ್ಣಗಾಯಿತು. ಮುಂದಿನ ಪುಟ ತಿರುವಿದನು. “‘1849. ಸೈಲಸ್ ಬಂದ. ನಾನು ಹೊರಡುತ್ತೇನೆ. ಈ ದೇಶದಲ್ಲಿ ನನಗೆ ಹೆಂಡತಿಯೂ ಆಗಲಿಲ್ಲ, ಹತ್ತಿಯೂ ಆಗಲಿಲ್ಲ. ಯಲ್ಲಪ್ಪನ ಆರು ವರ್ಷದ ಮಗನನ್ನು ಪಾದ್ರಿಗಳ ಶಾಲೆಗೆ ಬಿಟ್ಟೆ. ಮುಂದೆ ಅವನಿಗೆ ಯೋಹಾನನೆಂದು ಹೆಸರಿಡುವರಂತೆ.’”

ಪರ್ಸಿಸಬಾಯಿಯು ರಿಜಿಸ್ಟರನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡು, ಗೆದ್ದಲು ಕೊರೆದ ಜಾಗದ ಮೇಲೆ ಒಂದೊಂದೇ ಬೆರಳು ಇಡುತ್ತ ಬಂದಳು. “ಅ, ಡಿ, ಗಿ, ಯ, ವ, ನ. ಆರು.”

ಎಲಿಯಾಜರನು ಕಣ್ಣು ಮುಚ್ಚಿದನು. ಅವನ ಎದೆಯ ಹಡಗು ಹಾಯಿ ಮಡಚಿ, ಕಂಬ ಇಳಿಸಿ, ಸದ್ದಿಲ್ಲದೆ ತಳ ಸೇರಿತು. ಅದು ಮುಳುಗಿದ ಜಾಗದಲ್ಲಿ ಒಬ್ಬ ಮನುಷ್ಯ ಒಲೆ ಊದುತ್ತ ಕುಳಿತಿದ್ದನು. ಮಗ ಹುಟ್ಟಿದ ದಿನದ ಮರುದಿನವೇ ಸಾಹೇಬರಿಗೆ ರೊಟ್ಟಿ ಸುಡಲು ಬಂದವನು. ಅವನ ಮುಖ ಹೇಗಿದ್ದೀತೆಂದು ಎಲಿಯಾಜರನಿಗೆ ಊಹಿಸುವ ಕಷ್ಟವಿರಲಿಲ್ಲ; ಪ್ರತಿದಿನ ಕ್ಷೌರ ಮಾಡುವಾಗ ನೋಡಿದ್ದನಲ್ಲ.

“ತಾಯಿ ಹೆಸರ ಏನ ಬರದಾನ?” ಎಂದು ಪರ್ಸಿಸಬಾಯಿ ಕೇಳಿದಳು.

“ಬರದಿಲ್ಲ. ಯಲ್ಲಪ್ಪನ ಹೆಂಡತಿ, ಅಷ್ಟ.”

“ಸರಿಯಾಗಿ ನೋಡು.”

“ನೋಡೇನಿ ಅಕ್ಕಾ. ಹತ್ತಿ ಹುಳದ್ದ ಹೆಸರು ಕೆಳಗ ಲ್ಯಾಟಿನ್‌ದಾಗ ಬರದಾನ. ಆಕಿದು ಇಲ್ಲ.”

“ಹಡದಾಕಿದು ಇಲ್ಲ, ಹುಳದ್ದು ಐತಿ,” ಎಂದಳು ಆಕೆ. ಸಾವಿರಾರು ಬಾಣಂತಿಯರ ಹೆಸರನ್ನು ಆಸ್ಪತ್ರೆಯ ಪುಸ್ತಕದಲ್ಲಿ ತಾನೇ ಕೈಯಾರೆ ಬರೆದವಳು ಆಕೆ. ತಾನು ಬರೆದು ತಂದಿದ್ದ ಹಾಳೆಯನ್ನು ಮಡಚಿ, “ಬರೀಬೇಕಲ್ಲೋ ಎಲ್ಯಾ ಇದನ್ನ. ಯಲ್ಲಪ್ಪ ಅಂತ,” ಎಂದಳು.

“ಬರೀಬೇಕು,” ಎಂದನು ಎಲಿಯಾಜರನು.

ಬರೆಯುವವರೇ ಇದ್ದರು. ಪೆನ್ನಿನ ಟೊಪ್ಪಿಗೆಯನ್ನೂ ತೆಗೆದಾಗಿತ್ತು. ಆದರೆ ಆಗ ಪರ್ಸಿಸಬಾಯಿಯು, “ನನ್ನ ಬೀಗರಿಗೆ ಸೈಲಸ್ ಸಾಹೇಬರ ಮನಿತನ ಅಂತ ಹೇಳಿಬಿಟ್ಟೇನಲ್ಲೋ. ಅವರೂ ಈ ಪುಸ್ತಕ ಓದ್ತಾರ,” ಎಂದಳು. ಎಲಿಯಾಜರನಿಗೂ ತನ್ನ ಗೇಟಿನ ಕಲ್ಲಿನ ಮೇಲೆ ಹೋದ ವರ್ಷವಷ್ಟೇ ಕೆತ್ತಿಸಿದ್ದ ‘ಹಾಲ್ಕಂಬ್ ವಿಲ್ಲಾ’ ಕಣ್ಣೆದುರು ನಿಂತಿತು. ನಲವತ್ತಾರಕ್ಕೂ ಐವತ್ತೊಂದಕ್ಕೂ ರಾಜಿಯಾಗದ ಎರಡು ಮಹಾಸೈನ್ಯಗಳು, ನೂರ ಎಂಬತ್ತು ವರ್ಷಗಳ ಹಿಂದಿನ ಒಬ್ಬ ಅಡಿಗೆಯವನ ಎದುರು, ಆ ಕ್ಷಣದಲ್ಲಿ ಒಂದಾದವು.

ಸಮರ್ಥ ಅಯ್ಯನವರು ಬಾಗಿಲು ತಳ್ಳಿ ಒಳಗೆ ಬಂದರು. “ಎಲಿಯಾಜರವರ, ಪ್ರೆಸ್ಸಿನವರು ಕುಂತಾರ್ರಿ. ನಿಮ್ಮ ಮನಿತನದ್ದೊಂದ ಉಳದೈತಿ. ಏನರ ಸಿಕ್ಕತೇನ್ರಿ?”

“ಇಲ್ರಿ ಅಯ್ಯನವರ,” ಎಂದರು ಇಬ್ಬರೂ ಒಂದೇ ಉಸಿರಿನಲ್ಲಿ. “ಏನೂ ಸಿಗಲಿಲ್ಲ.”

“ಏನೇನೂ?”

“ಎಲ್ಲಾ ಹುಳಾ ತಿಂದಾವ್ರಿ,” ಎಂದಳು ಪರ್ಸಿಸಬಾಯಿ. ಎಲಿಯಾಜರನು ಲಕೋಟೆಯ ಮೇಲೆ ಕುಳಿತುಕೊಂಡನು.

ಸ್ಮರಣ ಸಂಚಿಕೆ ಹೊರಬಂದಿತು. ಅರವತ್ತೇಳನೆಯ ಪುಟದ ಮೇಲ್ತುದಿಯಲ್ಲಿ, “ಹಾಲಗಂಭ ಮನೆತನ: ಮಾಹಿತಿ ದೊರೆತಿಲ್ಲ” ಎಂದು ಒಂದು ಸಾಲು; ಮಿಕ್ಕ ಜಾಗದಲ್ಲಿ ಹಲ್ಲಿನ ದವಾಖಾನೆಯೊಂದರ ಜಾಹೀರಾತು. ತೊಯ್ದರಸೀದಿಪಠನಪ್ರವೀಣನು ಆ ಸಾಲನ್ನು ಭೂತಗಾಜಿನಿಂದ ಮೂರು ಸಲ ಓದಿದನು. ಆಮೇಲೆ ಪೆನ್ನು ತೆಗೆದು, ತನ್ನ ಪ್ರತಿಯಲ್ಲಿ ‘ಭ’ ಹೊಡೆದು ಹಾಕಿ ‘ಬ’ ಎಂದು ತಿದ್ದಿ, ಊಟಕ್ಕೆ ಎದ್ದನು.