ವೈರಸ್ಸು ಸಾಕುವ ಭಾವಮೈದುನ

೨೦೨೧ನೆಯ ಇಸವಿಯಲ್ಲಿ ನನಗೆ ಐವತ್ತೆರಡು ವರ್ಷ. ಇಪ್ಪತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿ, ಸ್ವಇಚ್ಛೆಯಿಂದ ನಿವೃತ್ತನಾಗಿ, ನೊಣವಿನಕೆರೆಯ ತೋಟದ ಮನೆಯಲ್ಲಿ ನೆಲೆಸಿದ್ದೆ. ಲೋಕದಲ್ಲಿ ಇರಬಹುದಾದ ಸಕಲ ವಿಧದ ಅಧಿಕಪ್ರಸಂಗಿಗಳನ್ನೂ ಆ ವೇಳೆಗೆ ನೋಡಿ, ವಿಂಗಡಿಸಿ, ಅಂಕ ಹಾಕಿ ಮುಗಿಸಿದ್ದೇನೆಂದು ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದವನು ನನ್ನ ಭಾವಮೈದುನ. ಹಸು ಸಾಕುವವರನ್ನು ನೀವು ನೋಡಿದ್ದೀರಿ, ಕುರಿ ಸಾಕುವವರನ್ನು ನೋಡಿದ್ದೀರಿ, ರೇಷ್ಮೆಹುಳು ಸಾಕುವವರನ್ನೂ ನೋಡಿದ್ದೀರಿ. ವೈರಸ್ಸು ಸಾಕುವವನನ್ನು ನೋಡಿದ್ದೀರಾ? ಅದಕ್ಕೆಲ್ಲಿ ನೆಗಡಿಯಾದೀತೋ ಎಂದು ತಾನು ಚಿಂತೆಯಿಂದ ಸೊರಗುವವನನ್ನು?

ಮೊದಲು ಸಂಬಂಧವನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಅವನು ನನ್ನ ಹೆಂಡತಿಯ ತಮ್ಮ. ನನ್ನ ಅಕ್ಕನ ಮಗನೂ ಹೌದು. ಏಕೆಂದರೆ ನಾನು ಮದುವೆಯಾದದ್ದು ಅಕ್ಕನ ಮಗಳನ್ನು. ನಮ್ಮ ಕಡೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೋದರಮಾವನೆಂದರೆ ಮೊದಲೇ ಕಾಯ್ದಿರಿಸಿದ ವರನೆಂದೇ ಅರ್ಥ. ಹೀಗಾಗಿ ಅವನು ನನ್ನನ್ನು ‘ಮಾವ’ ಎನ್ನುತ್ತಾನೆ. ನಾನು ಅವನನ್ನು ಬಯ್ಯುತ್ತೇನೆ.

ಬೆಂಗಳೂರಿನ ಹೊರಗೆಲ್ಲೋ ಇರುವ ಔಷಧದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಲಸಿಕೆಗೂ ಹುಟ್ಟುಕಾಯಿಲೆಗಳ ಚಿಕಿತ್ಸೆಗೂ ಬೇಕಾಗುವ ವೈರಸ್ಸುಗಳನ್ನು ಅಲ್ಲಿ ಬೆಳೆಸುತ್ತಾರಂತೆ. ಊರಿಗೆ ಬಂದವನು ಇದನ್ನು ಬಾಯಿ ಮುಚ್ಚಿಕೊಂಡು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಅರಳಿಕಟ್ಟೆಯ ಮೇಲೆ ಕುಳಿತು ಉಪನ್ಯಾಸವನ್ನೇ ಮಾಡಿದ! ಪಕ್ಕದ ತೋಟದ ಅಜ್ಜ ಬಾಯಿಗೆ ಕಟ್ಟಿದ್ದ ವಸ್ತ್ರವನ್ನು ಕೆಳಗೆ ಎಳೆದು ಕೇಳಿದರು:

“ಅಲ್ಲ ಕಣ್ಲಾ, ಊರಿಗ್ ಊರೇ ಬಾಯಿ ಮೂಗು ಕಟ್ಕಂಡ್ ಕೂತೈತೆ. ನೀನು ಅದನ್ನೇ ಸಾಕ್ತೀಯಂತಲ್ಲ, ಬುದ್ಧಿ ಐತೇನ್ಲಾ ನಿಂಗೆ?”

“ಅದು ಬೇರೆ, ಇದು ಬೇರೆ ಕಣಜ್ಜ. ಇದ್ರ ತಿರುಳು ತೆಗ್ದು ಬಿಸಾಕಿರ್ತೀವಿ. ಬರೀ ಕರಟ. ಅದ್ರೊಳ್ಗೆ ರೋಗಿಗೆ ಬೇಕಾದ್ ಜೀನು ತುಂಬ್ತೀವಿ. ವೈರಸ್ಸಿಗೆ ಮೈಯೊಳ್ಗೆ ನುಗ್ಗೋ ದಾರಿ ಗೊತ್ತಲ್ಲ, ತಗಂಡೋಗಿ ಇಳಿಸ್ತದೆ.”

“ಅಂದ್ರೆ, ಕಳ್ಳನ್ ಕೈಲಿ ಉಡುಗೊರೆ ಕಳಿಸ್ದಂಗೆ?”

“ಹೂಂ ಕಣಜ್ಜ, ಹಂಗೇಯ.”

“ಕಳ್ಳ ತಲುಪುಸ್ತಾನೆ ಅಂತ ನಂಬ್ಕಂಡಿದ್ದೀಯಲ್ಲ, ನೀನು ಉದ್ಧಾರ ಆದಂಗೇ ಬುಡು!”

ಇಷ್ಟಕ್ಕೇ ಮುಗಿಯಲಿಲ್ಲ. ಹಾಗೆ ಬೆಳೆದ ಕರಟಗಳಲ್ಲಿ ಬಹುಪಾಲು ಜೊಳ್ಳಂತೆ. ಒಳಗೆ ಜೀನೇ ಇರುವುದಿಲ್ಲವಂತೆ. ಜೊಳ್ಳನ್ನು ಬೇರೆ, ಗಟ್ಟಿಯನ್ನು ಬೇರೆ ಮಾಡುವುದೇ ಅವನ ಉದ್ಯೋಗವಂತೆ! ಇದಕ್ಕಾಗಿ ಆರು ವರ್ಷ ಕಾಲೇಜು ಓದಿದ. ನಮ್ಮ ಮನೆಯ ಹೆಂಗಸರು ಯಾವ ಪದವಿಯೂ ಇಲ್ಲದೆ, ಮಾತನಾಡುತ್ತಲೇ, ಮೊರದಲ್ಲಿ ಈ ಕೆಲಸವನ್ನು ಮಾಡಿ ಮುಗಿಸುತ್ತಾರೆ.

ಅವನು ನಮ್ಮ ಮನೆಗೆ ಬಂದನೆಂದರೆ ಮನೆಯೇ ಕಾರ್ಖಾನೆ. ಹೊಸ್ತಿಲಿನ ಒಂದು ಮಗ್ಗುಲು ‘ಕೊಳಕು’, ಇನ್ನೊಂದು ಮಗ್ಗುಲು ‘ಶುದ್ಧ’. ಚಪ್ಪಲಿ ಬಿಡುವುದಕ್ಕೆ ಒಂದು ಕ್ರಮ, ಕಾಲು ತೊಳೆಯುವುದಕ್ಕೆ ಒಂದು ಕ್ರಮ. ಕೈಯನ್ನಂತೂ ಮೊಣಕೈವರೆಗೆ ಉಜ್ಜಿ, ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ಯಾರೋ ಬಂದೂಕು ತೋರಿಸಿದಂತೆ ಊಟಕ್ಕೆ ಬರುತ್ತಿದ್ದ. ನನ್ನ ಅಕ್ಕ, ಅಂದರೆ ಅವನ ಹೆತ್ತ ತಾಯಿ, ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಕಾದು ಕಾದು ಹೇಳಿದಳು:

“ಲೇ, ನಮ್ಮತ್ತೆ ಮಡೀನೇ ವಾಸಿ ಕಣ್ಲಾ. ಅದ್ರಲ್ಲಿ ಮುದ್ದೆ ಆರೋದ್ರೊಳ್ಗೆ ಊಟನಾದ್ರೂ ಆಯ್ತಿತ್ತು!”

ಇನ್ನು ಕೊಬ್ಬರಿಯ ಅಟ್ಟದ ಪ್ರಸಂಗ. ನಮ್ಮ ತಿಪಟೂರು ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆಕೊಬ್ಬರಿಯಾಗುತ್ತದೆ. ನಡುವೆ ಒಡೆದು ನೋಡುವಂತಿಲ್ಲ, ಒಡೆದರೆ ಕೆಟ್ಟಿತು. ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಹಸಿ, ಉಂಡೆ ಗಡಗಡ ಎಂದರೆ ಸಿದ್ಧ, ಏನೂ ಎನ್ನದಿದ್ದರೆ ಜೊಳ್ಳು. ಈ ವಿದ್ಯೆಯಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಮಗನಿಗೂ ಅದು ಎದೆಹಾಲಿನ ಜೊತೆಗೇ ಬಂದಿತ್ತು. ಅಷ್ಟನ್ನೇ ಮಾಡಿ ಕೆಳಗಿಳಿಯಬಾರದೆ? ಪ್ರತಿಯೊಂದು ರಾಶಿಗೂ ಗುರುತಿನ ಚೀಟಿ ಅಂಟಿಸಿ, ‘ಪರೀಕ್ಷೆಯಲ್ಲಿದೆ, ಮುಟ್ಟಬಾರದು’ ಎಂದು ಬರೆದ. ಅಟ್ಟದ ಹೆಗ್ಗಣಗಳು ಅದನ್ನು ಪರಿಶೀಲಿಸಿ, ಕಾಯಿಯನ್ನು ಮುಟ್ಟದೆ ಚೀಟಿಯನ್ನೇ ತಿಂದುಹಾಕಿದವು.

ಇವೆಲ್ಲ ನಗುವ ಮಾತು. ನಗಲಾಗದ ಮಾತೊಂದಿದೆ, ಅದನ್ನೂ ಕ್ರಮವಾಗಿ ಹೇಳುತ್ತೇನೆ.

ಮರುವರ್ಷ, ಬಿ.ಎಡ್. ಮುಗಿಸಿದ ನನ್ನ ಒಬ್ಬಳೇ ಮಗಳು ಮುಸ್ಸಂಜೆಯ ಹೊತ್ತಿಗೆ ಗೋಡೆ ತಡವಿಕೊಂಡು ನಡೆಯತೊಡಗಿದಳು. ಚಿಕ್ಕಂದಿನಿಂದಲೂ ಸಂಜೆಗಣ್ಣು ಮಂದವೆಂದು ನಾವು ಅಲಕ್ಷಿಸಿದ್ದೆವು. ಕಣ್ಣಿನ ವೈದ್ಯರು ಪರೀಕ್ಷಿಸಿ, ಕಣ್ಣಿನ ಒಳಪದರಕ್ಕೆ ಬೇಕಾದ ಒಂದು ಜೀನು ಇವಳಲ್ಲಿ ತಂದೆಯದೂ ತಾಯಿಯದೂ ಎರಡು ಪಾಲೂ ಕೆಟ್ಟಿದೆ, ಹೀಗೆಯೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹಗಲೂ ಕತ್ತಲಾಗುತ್ತದೆ ಎಂದರು. ಮನೆಯವರೆಲ್ಲ ಕುಳಿತು, ನಮಗೆ ತಿಳಿದಿದ್ದ ಒಂದೇ ಮದ್ದನ್ನು ಆರಿಸಿದೆವು: ಮದುವೆ! ಹೊರಗಿನವರು ಯಾರು ಮಾಡಿಕೊಂಡಾರು? ಸೋದರಮಾವ ಇದ್ದಾನಲ್ಲ, ಮೂವತ್ತೇಳು ವರ್ಷವಾದರೂ ಮದುವೆಯಾಗದೆ ವೈರಸ್ಸಿಗೆ ಮೇವು ಹಾಕುತ್ತ!

ಆ ಮಹಾಶಯ ಕರೆಸಿದ ಕೂಡಲೇ ಬಂದ. ಮಾತು ಕೇಳಿದ. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ತಿರುವಿ ಹಾಕಿ, ಅದರ ಬೆನ್ನಿನ ಮೇಲೆ ವೃತ್ತಗಳನ್ನೂ ಚೌಕಗಳನ್ನೂ ಬರೆದ. ಕೆಳಗೆ ನನ್ನ ಮಗಳು, ಪಕ್ಕದಲ್ಲಿ ತಾನು.

“ಇದೇ ಕೆಟ್ಟ್ ಜೀನು ನನ್ನಲ್ಲೂ ಇರಬೋದು ಮಾವ. ಹತ್ರದ್ ರಕ್ತದಲ್ಲೇ ತಿರುಗ್ತಾ ಇದ್ರೆ ಕೆಟ್ಟಿದ್ದು ಕೆಟ್ಟಿದ್ದರ ಜೊತೆ ಸೇರ್ಕಂತದೆ. ನಾನು ಆಗಲ್ಲ.”

“ಅವಳ ಕಣ್ಣು ಹೋಗುತ್ತದೆಂದು ಬೇಡವೆನ್ನುತ್ತೀಯೇನೋ?” ಎಂದೆ.

“ಕಣ್ಣು ಹೋಗ್ಬಾರ್ದು ಅಂತ ಬೇರೆ ಕೆಲ್ಸ ಮಾಡ್ತಿದ್ದೀನಿ. ಅದೇ ಜೀನಿಗೆ ನಮ್ಮಲ್ಲಿ ಔಷಧಿ ತಯಾರಾಗ್ತೈತೆ. ಆಸ್ಪತ್ರೆಯವ್ರು ಪ್ರಯೋಗಕ್ಕೆ ತಗಳ್ತಿದ್ದಾರೆ. ಹೋದ್ ದೃಷ್ಟಿ ತಂದ್ಕೊಡಲ್ಲ ಮಾವ. ಒಳಪದರ ಬದುಕಿರೋವಾಗ್ಲೇ ಹಾಕ್ಬೇಕು.”

ಎಂಥ ಉದ್ಧಟತನ! ಆದರೂ ವೈದ್ಯರು ಮಗಳನ್ನು ಪರೀಕ್ಷಿಸಿ ಪಟ್ಟಿಗೆ ಸೇರಿಸಿಕೊಂಡರು. ಅಲ್ಲಿಂದ ಕಾಯುವಿಕೆ ಆರಂಭವಾಯಿತು. ಹೊಸ ಬ್ಯಾಚು ಬೆಳೆಯಬೇಕು, ಸೋಸಬೇಕು, ಜೊಳ್ಳು ತೆಗೆಯಬೇಕು, ಪರೀಕ್ಷೆಗಳ ಮೇಲೆ ಪರೀಕ್ಷೆಗಳಾಗಬೇಕು. ಕಣ್ಣಿಗೆ ಸೇರುವುದೋ ಒಂದು ಹನಿಗಿಂತ ಕಡಿಮೆ! ಇದಕ್ಕಿಂತ ನಮ್ಮ ಅಟ್ಟದ ಕೊಬ್ಬರಿ ಬೇಗ ಎಂದು ನಾನು ಸಿಕ್ಕವರ ಮುಂದೆಲ್ಲ ಆಡಿದೆ. ಅಷ್ಟರಲ್ಲಿ ಮಗಳಿಗೆ ಪಕ್ಕದಲ್ಲಿ ನಿಂತವರು ಕಾಣದಾಗಿದ್ದರು. ಎದುರಿಗಿದ್ದದ್ದು ಮಾತ್ರ, ಕೊಳವೆಯ ತುದಿಯಲ್ಲಿ ಕಂಡಂತೆ.

೨೦೨೩ರ ಬೇಸಿಗೆಯಲ್ಲಿ, ಹೇಳದೆ ಕೇಳದೆ, ಅವನು ನಮ್ಮ ಜಗಲಿಯ ಮೇಲೆ ಬಂದು ಕುಳಿತ. ಕೈ ತೊಳೆಯಲಿಲ್ಲ. ಅದೇ ಅಪಶಕುನ.

“ಬ್ಯಾಚು ಹೋಯ್ತು ಮಾವ. ನನ್ನಿಂದ್ಲೇ.”

ನಡೆದದ್ದು ಇಷ್ಟು. ತಿಂಗಳುಗಟ್ಟಲೆ ದುಡಿದು, ಸೋಸಿ, ಜೊಳ್ಳು ಕಳೆದು ಉಳಿಸಿದ ಅಷ್ಟೂ ಔಷಧಿ ಒಂದೇ ಶೀಸೆಯಲ್ಲಿ ಅವನ ಕೈಗೆ ಬಂದಿತ್ತು. ಅದನ್ನು ಕುಲುಕಲೇಬಾರದು, ನೊರೆ ಎದ್ದರೆ ಕರಟಗಳು ಒಂದಕ್ಕೊಂದು ಅಂಟಿಕೊಂಡು ಕೆಡುತ್ತವೆ. ಈ ನಿಯಮವನ್ನು ಹತ್ತು ಜನ ಹೊಸಬರಿಗೆ ಬೋಧಿಸಿದವನೇ ಇವನು! ಆದರೆ ಅಂದು, ಇದು ನಮ್ಮ ಹುಡುಗಿಯ ಸರದಿಯದು ಎಂದು ಮನಸ್ಸು ಎಲ್ಲೋ ಹೋಗಿ, ಕೈ ಮಾತ್ರ ತಿಪಟೂರಿಗೆ ಬಂದುಬಿಟ್ಟಿದೆ. ಶೀಸೆಯನ್ನು ಕಿವಿಯ ಬಳಿ ಹಿಡಿದು, ಗಟ್ಟಿಯೋ ಜೊಳ್ಳೋ ಎಂದು, ಕೊಬ್ಬರಿಕಾಯಿಯಂತೆ ಮೂರು ಬಾರಿ ಜೋರಾಗಿ ಅಲ್ಲಾಡಿಸಿದ್ದಾನೆ! ಅದೂ ಕಿವಿಯನ್ನು ಪೂರ್ತಿ ಮುಚ್ಚುವ ಟೋಪಿ ಹಾಕಿಕೊಂಡು! ಜಗತ್ತಿನ ಯಾವ ಮೂಲೆಯ ಯಾವ ವಿಜ್ಞಾನಿಯಾದರೂ ಈ ತಪ್ಪನ್ನು ಮಾಡಬಲ್ಲನೆ?

“ಯಾರಾದರೂ ನೋಡಿದರೇನೋ?” ಎಂದು ಕೇಳಿದೆ. ಮೇಷ್ಟರಾಗಿದ್ದವನು ಕೇಳಬಾರದ ಪ್ರಶ್ನೆ, ಆದರೂ ಕೇಳಿದೆ.

“ಇಲ್ಲ ಮಾವ. ಕ್ಯಾಮೆರಾಗೆ ಬೆನ್ನು ಹಾಕಿದ್ದೆ.”

“ಮತ್ತೆ ಹೇಗೆ ಗೊತ್ತಾಯಿತು?”

“ನಾನೇ ಬರ್ದು ಕೊಟ್ಟೆ. ಪರೀಕ್ಷೆ ಮಾಡುದ್ರು, ಗಂಟುಗಂಟಾಗಿತ್ತು. ಚೆಲ್ಲುದ್ರು.”

“ಸುಮ್ಮನಿದ್ದಿದ್ದರೆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಿತ್ತೇನೋ!”

“ಆಗಿದ್ರೆ ಅವಳ ಕಣ್ಣಿಗೆ ಹೋಗಿರೋದು. ಒಂದ್ ಕಣ್ಣಿಗೆ ಒಂದೇ ಸಲ ಮಾವ. ಇನ್ನೊಂದು ಸಲ ಇಲ್ಲ.”

ಇನ್ನೂ ಎಂಟು ತಿಂಗಳು ಎಂದ. ಎಂಟು ತಿಂಗಳಲ್ಲಿ ಆ ಕೊಳವೆ ಎಷ್ಟು ಕಿರಿದಾದೀತೆಂದು ಯಾರೂ ಹೇಳಲಾರರು. ನನಗೆ ತಿಳಿದಿದ್ದ ಬಯ್ಗುಳಗಳನ್ನೆಲ್ಲ, ಒಂದೂ ಪುನರುಕ್ತಿಯಿಲ್ಲದೆ, ಅಂದು ಬಯ್ದೆ. ಇವಳ ಕಣ್ಣು ಉಳಿಯುವವರೆಗೆ ಈ ಮನೆಯ ಗೇಟು ದಾಟಬೇಡ ಎಂದೆ. ಅವನು ಎದ್ದು ಹೋದ.

ಹೋದ ಮೇಲೆ, ಅಷ್ಟು ಹೊತ್ತೂ ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ಹೊರಗೆ ಬಂದಳು.

“ಒಂದ್ ಮಾತು ಹೇಳ್ತೀನಿ ಕಣ್ರೀ. ಆ ಕ್ಯಾಲೆಂಡರ್ ಹಿಂದೆ ಅವ್ನು ಬರ್ದಿದ್ದು ನೋಡಿದ್ರಾ? ಮಗಳದ್ ಬರ್ದ, ಅವನ್ದು ಬರ್ದ. ಅವಳ್ ಮೇಲ್ಗಡೆ ಇರ್ಬೇಕಾದ ನಿಮ್ದೂ ನನ್ದೂ ಬರೀಲಿಲ್ಲ. ಕೆಟ್ಟಿದ್ದು ಎಲ್ಲಿ ಸೇರ್ಕಂತು ಅಂತ ಅವನ್ಗೆ ಗೊತ್ತಿಲ್ವಾ? ಒಂದ್ ದಿನಾನಾದ್ರೂ ನಮ್ಮನ್ನ ಅಂದಿದ್ದಾನಾ?”

ಉತ್ತರ ಗೊತ್ತಿದ್ದೂ ಸುಮ್ಮನೆ ನಿಲ್ಲುವ ವಿದ್ಯಾರ್ಥಿಗಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಎಂಟು ತಿಂಗಳು ಅವನು ನಮ್ಮ ಕಡೆ ಸುಳಿಯಲಿಲ್ಲ. ದೀಪಾವಳಿಗೂ ಬಾರದೆ ವೈರಸ್ಸಿನ ಪಕ್ಕದಲ್ಲೇ ಕುಳಿತಿದ್ದನೆಂದು ಅಕ್ಕ ಹೇಳಿದಳು. ಹೊಸ ಬ್ಯಾಚು ಎಲ್ಲ ಪರೀಕ್ಷೆಗಳನ್ನೂ ದಾಟಿತು. ಫೆಬ್ರವರಿಯಲ್ಲಿ ಮಗಳ ಎಡಗಣ್ಣಿಗೆ ಶಸ್ತ್ರಕ್ರಿಯೆಯಾಯಿತು. ಗುಣ ಕಂಡೀತು, ಕಾಣದೆಯೂ ಇದ್ದೀತು. ನಾವು ಮಾತು ಕೊಡುವುದಿಲ್ಲ ಎಂದು ವೈದ್ಯರು ಮನೆಗೆ ಕಳುಹಿಸಿದರು.

ಆಮೇಲೆ ಒಂದು ಸಂಜೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಜಗಲಿಯ ದೀಪ ಇನ್ನೂ ಹಾಕಿರಲಿಲ್ಲ. ತೆಂಗಿನ ಸಾಲಿನ ಕೆಳಗೆ, ಗೇಟಿನ ಆಚೆ, ಅವನು ಬಂದು ನಿಂತಿದ್ದ. ಒಳಗೆ ಬರಲೊಲ್ಲ, ತಿರುಗಿ ಹೋಗಲೊಲ್ಲ. ನಾನು ಕಂಡೂ ಕಾಣದವನಂತೆ ಪತ್ರಿಕೆಯನ್ನು ಮಡಿಸುತ್ತ ಕುಳಿತೆ. ನನ್ನ ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಮಗಳು ತಲೆ ಎತ್ತಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಆ ಮಬ್ಬಿನೊಳಗೆ ನೋಡಿದಳು.

“ಅಪ್ಪ, ಗೇಟ್ ಹತ್ರ ಮಾವ ನಿಂತವ್ನೆ. ಅಯ್ಯೋ, ಶರ್ಟಿನ ಗುಂಡಿ ಒಂದ್ ಮೇಲೆ ಒಂದ್ ಕೆಳಗೆ ಹಾಕ್ಕಂಡವ್ನೆ ನೋಡಪ್ಪ!”

ಹೌದು, ಹಾಕಿಕೊಂಡಿದ್ದ. ಎದ್ದು ಹೋಗಿ ಗೇಟು ತೆಗೆದೆ. ಆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದೆ. ಅವನು ಎಳೆಯ ಮಗುವಿನಂತೆ ನಿಂತು ಅಳುತ್ತಿದ್ದ.

ಅದು ೨೦೨೪ನೆಯ ಇಸವಿ ಮಾರ್ಚ್ ತಿಂಗಳ ಹದಿನೇಳನೆಯ ತಾರೀಖು, ಭಾನುವಾರ, ಸಂಜೆ ಆರೂ ಮುಕ್ಕಾಲು ಗಂಟೆ.